ಮುಚ್ಚಳದ ಮೇಲೊಂದು ಊರು

ಜಪಾನಿನಲ್ಲಿ ಹೊಸ ಊರಿಗೆ ಹೋದವರು ಸಾಮಾನ್ಯವಾಗಿ ತಲೆಯೆತ್ತಿ ನೋಡುತ್ತಾರೆ. ನೋಡಲು ಕೋಟೆಗಳಿವೆ, ಪಗೋಡಾಗಳಿವೆ, ಋತು ನೋಡಿಕೊಂಡು ಹೋದರೆ ಚೆರ್ರಿ ಹೂಗಳಿವೆ, ಅದೃಷ್ಟವಿದ್ದರೆ ಮೋಡ ಸರಿದು ಫ್ಯೂಜಿ ಪರ್ವತವೂ ಕಾಣುತ್ತದೆ. ನಾನು ಮಾತ್ರ ರೈಲಿಳಿದು ಸ್ಟೇಷನ್ನಿನ ಹೊರಗೆ ಬಂದವಳೇ ನೆಲ ನೋಡುತ್ತೇನೆ. ಹೆಣ್ಣುಮಕ್ಕಳು ತಲೆ ತಗ್ಗಿಸಿ ನಡೆಯಬೇಕು ಎಂದು ನಮ್ಮಜ್ಜಿ ಹೇಳಿಕೊಟ್ಟ ಪಾಠ ಇಷ್ಟು ತಡವಾಗಿ, ಇಷ್ಟು ದೂರದಲ್ಲಿ ಉಪಯೋಗಕ್ಕೆ ಬರುತ್ತದೆಂದು ಅವಳೂ ಎಣಿಸಿರಲಿಕ್ಕಿಲ್ಲ.

ನಾನು ಹುಡುಕುವುದು ಮ್ಯಾನ್‌ಹೋಲ್ ಮುಚ್ಚಳಗಳನ್ನು. ಜಪಾನಿನ ಹೆಚ್ಚುಕಡಿಮೆ ಪ್ರತಿಯೊಂದು ಊರೂ ತನ್ನ ಒಳಚರಂಡಿಯ ಕಬ್ಬಿಣದ ಮುಚ್ಚಳದ ಮೇಲೆ ತನ್ನದೇ ಒಂದು ಚಿತ್ರ ಎರಕ ಹೊಯ್ಯಿಸಿಕೊಂಡಿದೆ. ನಾರಾದಲ್ಲಿ ಜಿಂಕೆ. ಹಕೊದಾತೆಯಲ್ಲಿ ಕುಣಿಯುವ ಸ್ಕ್ವಿಡ್‌ಗಳು. ಒಕಾಯಾಮಾದಲ್ಲಿ ಪೀಚ್ ಹಣ್ಣಿನೊಳಗಿಂದ ಹುಟ್ಟಿದ ಮೊಮೊತಾರೋ, ಅವನ ಜೊತೆಗೆ ನಾಯಿ, ಕೋತಿ, ಹಕ್ಕಿ. ಮತ್ಸುಮೊತೊದಲ್ಲಿ ಬಣ್ಣದ ದಾರ ಸುತ್ತಿದ ತೆಮಾರಿ ಚೆಂಡುಗಳು. ಬೆಳ್ಳಕ್ಕಿಯ ಹೆಸರಿನ ಬಿಳಿ ಕೋಟೆಯಿರುವ ಹಿಮೇಜಿಯಲ್ಲಿ, ಹಾರುವ ಬೆಳ್ಳಕ್ಕಿಯಂತೆ ಕಾಣುವ ಸಗಿಸೋ ಎಂಬ ಹೂವು. ಹಿರೋಶಿಮಾದಲ್ಲಿ ಕಾಗದದ ಕೊಕ್ಕರೆಗಳು. ಅಲ್ಲಿ ಆ ಕೊಕ್ಕರೆಗಳ ಅರ್ಥವನ್ನು ಯಾರೂ ಯಾರಿಗೂ ವಿವರಿಸಬೇಕಾಗಿಲ್ಲ. ಊರಿನವರು ಅವುಗಳ ಮೇಲೆ ಕಾಲಿಟ್ಟು ನಡೆಯುತ್ತಾರೆ, ಸೈಕಲ್ ಓಡಿಸುತ್ತಾರೆ, ನಾನು ಬಗ್ಗಿ ಫೋಟೋ ತೆಗೆಯುವಾಗ ಏನೋ ಬಿದ್ದುಹೋಯಿತೇನೋ ಎಂದು ತಾವೂ ಬಗ್ಗಿ ಹುಡುಕುತ್ತಾರೆ.

ಕೆಲಸದ ಮೇಲೆ ಎರಡೂವರೆ ವರ್ಷ ಒಸಾಕಾದಲ್ಲಿದ್ದೆ. ಹೋದ ಮೊದಲ ತಿಂಗಳಲ್ಲಿ, ಮಳೆ ನಿಂತ ಒಂದು ಸಂಜೆ, ಸಿಗ್ನಲ್ ಹಸಿರಾಗಲೆಂದು ಕಾಯುತ್ತಿದ್ದಾಗ ಕಾಲಬುಡದಲ್ಲಿ ಒಸಾಕಾ ಕೋಟೆ ಕಾಣಿಸಿತು. ಒದ್ದೆಯಾಗಿ ಮಿರಮಿರ ಮಿಂಚುತ್ತಿತ್ತು. ಕೋಟೆಯ ಸುತ್ತ ಚೆರ್ರಿ ಹೂ. ಫೋಟೋ ತೆಗೆದು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಮೊದಲು ಉತ್ತರ ಬಂದದ್ದು ಅತ್ತೆಯಿಂದ: "ರಂಗೋಲಿ ತುಂಬಾ ಚೆನ್ನಾಗಿದೆ, ಯಾರು ಹಾಕಿದ್ದು?" ಅದು ಚರಂಡಿಯ ಮುಚ್ಚಳ ಎಂದು ನಾನು ತಿಳಿಸಿದ ಮೇಲೆ ಗುಂಪು ಸ್ವಲ್ಪ ಹೊತ್ತು ಮೌನವಾಯಿತು. ಆಮೇಲೆ ಅಮ್ಮ ಬರೆದಳು: "ಅಷ್ಟು ದೂರ ಹೋಗಿ ನೋಡೋಕೆ ಇದೇ ಸಿಕ್ಕಿತೇನೇ ನಿಂಗೆ?"

ಅಪ್ಪ ಏನೂ ಬರೆಯಲಿಲ್ಲ. ಮೂರು ದಿನ ಬಿಟ್ಟು ಫೋನು ಮಾಡಿದರು. ಊಟ, ಹವಾಮಾನ, ಆಫೀಸು ಎಲ್ಲ ವಿಚಾರಿಸಿ, ಇಡುವ ಮುಂಚೆ ಕೇಳಿದರು, "ಪುಟ್ಟಾ, ಆ ಕವರ್ ಡಯಾ ಎಷ್ಟಿತ್ತು?"

ಅಪ್ಪ ಪುರಸಭೆಯಲ್ಲಿ ಜೂನಿಯರ್ ಎಂಜಿನಿಯರ್ ಆಗಿದ್ದವರು. ಮೂವತ್ತು ವರ್ಷದ ನೌಕರಿಯಲ್ಲಿ ಹೆಚ್ಚು ಭಾಗ ಕಳೆದದ್ದು ನೀರು ಮತ್ತು ಯುಜಿಡಿಯ ಜೊತೆಗೆ. ಯುಜಿಡಿ ಎಂಬ ಮೂರಕ್ಷರ ನಮ್ಮ ಮನೆಯಲ್ಲಿ ಉಪ್ಪು, ಹುಣಿಸೆಹಣ್ಣಿನಷ್ಟೇ ಬಳಕೆಯ ಮಾತು. ಹಬ್ಬದ ದಿನ ಎಲೆಯ ಮುಂದೆ ಕೂತಾಗಲೇ ಯಾವುದೋ ಬೀದಿಯಲ್ಲಿ ಛೇಂಬರ್ ಉಕ್ಕಿ ಹರಿಯುತ್ತಿದೆ ಎಂದು ಕರೆ ಬರುತ್ತಿತ್ತು. ಅಪ್ಪ ಎದ್ದು ಹೋಗುತ್ತಿದ್ದರು. ಬಂದಮೇಲೆ ಹಿತ್ತಿಲಲ್ಲಿ ಸ್ನಾನ ಮಾಡಿಯೇ ಒಳಗೆ ಬರಬೇಕು ಎಂಬುದು ಅಮ್ಮನ ಕಾನೂನು. ಅಪ್ಪನ ಕೆಲಸ ಏನೆಂದು ಶಾಲೆಯಲ್ಲಿ ಕೇಳಿದರೆ ನಾನು ಎಂಜಿನಿಯರ್ ಎಂದು ಹೇಳಿ ಅಲ್ಲಿಗೇ ನಿಲ್ಲಿಸುತ್ತಿದ್ದೆ.

ಅವತ್ತಿನಿಂದ ನಾನು ಹೋದ ಊರಿನ ಮುಚ್ಚಳದ ಫೋಟೋ ಅಪ್ಪನಿಗೆ ಹೋಗತೊಡಗಿತು. ಅವರ ಪ್ರಶ್ನೆಗಳು ಬರತೊಡಗಿದವು. ತೂಕ ಎಷ್ಟು? ಕಳುವಾಗುವುದಿಲ್ಲವೇ? ಬೀಡುಕಬ್ಬಿಣವೇ, ಡಕ್ಟೈಲೇ? ಬಣ್ಣ ಹೇಗೆ ನಿಲ್ಲುತ್ತದೆ? ಅವರಿಗೆ ಉತ್ತರ ಕೊಡಬೇಕೆಂದು ನಾನು ಓದಲು ಶುರುಮಾಡಿದೆ. ಹವ್ಯಾಸ ಗಟ್ಟಿಯಾದದ್ದು ಹೀಗೆ.

ಮುಚ್ಚಳದ ಫೋಟೋ ತೆಗೆಯುವುದು ಸುಲಭ ಎಂದುಕೊಂಡಿದ್ದೆ. ಅದು ಓಡುವುದಿಲ್ಲ, ಕಣ್ಣು ಮಿಟುಕಿಸುವುದಿಲ್ಲ. ಆದರೆ ವೃತ್ತ ವೃತ್ತವಾಗಿಯೇ ಬರಬೇಕಾದರೆ ಸರಿಯಾಗಿ ಅದರ ನೆತ್ತಿಯ ಮೇಲೆ ಕ್ಯಾಮೆರಾ ಇರಬೇಕು; ಸ್ವಲ್ಪ ವಾರೆಯಾದರೂ ಕೋಟೆ ಮೊಟ್ಟೆಯಾಗುತ್ತದೆ. ನೆತ್ತಿಯ ಮೇಲೆ ನಿಂತರೆ ನನ್ನ ಶೂಗಳ ತುದಿ ಚಿತ್ರದೊಳಗೆ ಬರುತ್ತವೆ. ಬಿಸಿಲಿದ್ದರೆ ನನ್ನದೇ ನೆರಳು ಜಿಂಕೆಯ ಮೇಲೆ ಬೀಳುತ್ತದೆ. ಮೋಡ ಮುಚ್ಚಿದ ದಿನ, ಅದರಲ್ಲೂ ಮಳೆ ಬಂದು ನಿಂತ ಗಳಿಗೆ ಎಲ್ಲಕ್ಕಿಂತ ಒಳ್ಳೆಯದು. ಧೂಳು ತೊಳೆದುಹೋಗಿ ಬಣ್ಣ ಗಾಢವಾಗುತ್ತದೆ. ಬಣ್ಣ ತುಂಬಿದ ಮುಚ್ಚಳಗಳು ಹೆಚ್ಚಾಗಿ ಸ್ಟೇಷನ್ನಿನ ಎದುರು, ಪ್ರವಾಸಿ ಮಾಹಿತಿ ಕೇಂದ್ರದ ಬಳಿ, ದೇವಸ್ಥಾನದ ದಾರಿಯಲ್ಲಿ ಇರುತ್ತವೆ. ಒಳಗಿನ ಓಣಿಗಳಲ್ಲಿ ಅದೇ ಚಿತ್ರ ಬರಿಯ ಕಬ್ಬಿಣದಲ್ಲಿ ಇರುತ್ತದೆ. ಮೊದಮೊದಲು ಬಣ್ಣದವನ್ನೇ ಹುಡುಕುತ್ತಿದ್ದ ನನಗೆ ಬರಬರುತ್ತಾ ಬರಿಯ ಕಬ್ಬಿಣವೇ ಹೆಚ್ಚು ಇಷ್ಟವಾಗತೊಡಗಿತು. ಟೈರು, ಚಪ್ಪಲಿ, ಹಿಮ ಎಲ್ಲ ಸೇರಿ ಉಜ್ಜಿದ ಉಬ್ಬುಗಳು ಬೆಳ್ಳಿಯಂತೆ ಹೊಳೆಯುತ್ತವೆ, ತಗ್ಗುಗಳಲ್ಲಿ ತುಕ್ಕು ಕೂತಿರುತ್ತದೆ. ಊರು ಬಳಸಿದ ಗುರುತು ಅಲ್ಲಿರುತ್ತದೆ.

ರಸ್ತೆಯ ನಡುವಿನ ಮುಚ್ಚಳವಾದರೆ ಎರಡು ಕಾರುಗಳ ನಡುವೆ ಸಿಗುವ ಬಿಡುವಿಗೆ ಕಾಯಬೇಕು. ಒಮ್ಮೆ ಒಂದು ಸಣ್ಣ ಊರಿನಲ್ಲಿ ತರಕಾರಿ ಗಾಡಿಯ ಮುದುಕರೊಬ್ಬರು ತಮ್ಮ ಗಾಡಿಯನ್ನು ಅಡ್ಡ ನಿಲ್ಲಿಸಿ, ಹಿಂದೆ ಬರುವವರಿಗೆ ಕೈ ತೋರಿಸಿ, ನನಗೆ ತೆಗೆದುಕೋ ಎಂದು ಸನ್ನೆ ಮಾಡಿದರು. ನಾನು ಮೂರು ಸಲ ಬಗ್ಗಿ ನಮಸ್ಕರಿಸಿದೆ. ಅವರಿಗೆ ನನ್ನ ಹುಚ್ಚು ಹೊಸದಾಗಿರಲಿಲ್ಲ. ಹೀಗೆ ಮುಚ್ಚಳ ಹುಡುಕಿಕೊಂಡು ಅಲೆಯುವವರು ಆ ದೇಶದಲ್ಲಿ ಎಷ್ಟು ಮಂದಿ ಇದ್ದಾರೆಂದರೆ ಅವರಿಗೆ 'ಮ್ಯಾನ್‌ಹೋಲರ್' ಎಂಬ ಹೆಸರೇ ಬಿದ್ದಿದೆ.

ಚಿತ್ರಗಳ ಕತೆ ಶುರುವಾಗುವುದು ಒಂದು ಸರ್ಕಾರಿ ತಲೆನೋವಿನಿಂದ. ಎದೋ ಕಾಲದಲ್ಲಿ, ಎಂದರೆ ಇನ್ನೂರು ಮುನ್ನೂರು ವರ್ಷದ ಹಿಂದೆ, ಅಲ್ಲಿ ಮಲ ಕಸವಾಗಿರಲಿಲ್ಲ, ಸರಕಾಗಿತ್ತು. ಸುತ್ತಲಿನ ರೈತರು ನಗರಕ್ಕೆ ಬಂದು ದುಡ್ಡೋ ತರಕಾರಿಯೋ ಕೊಟ್ಟು ಅದನ್ನು ಗೊಬ್ಬರಕ್ಕೆ ಒಯ್ಯುತ್ತಿದ್ದರು. ಹಾಗಾಗಿ ನೆಲದಡಿ ಕೊಳವೆ ಹಾಕುವ ಒತ್ತಡ ಇರಲಿಲ್ಲ. ಟೋಕಿಯೋದ ಕಂದಾ ಭಾಗದಲ್ಲಿ ಇಟ್ಟಿಗೆಯ ಒಳಚರಂಡಿ ಬಂದದ್ದು 1884ರಲ್ಲಿ, ಅದೂ ಕಾಲರಾಕ್ಕೆ ಹೆದರಿ. ಆಮೇಲೂ ಕೆಲಸ ನಿಧಾನವಾಗಿಯೇ ಸಾಗಿತು. ಬುಲೆಟ್ ರೈಲು ಓಡಿಸಿ ಇಪ್ಪತ್ತು ವರ್ಷವಾದ ಮೇಲೆ, 1980ರ ದಶಕದ ನಡುವಿನಲ್ಲೂ, ಒಳಚರಂಡಿಯ ಸೌಲಭ್ಯವಿದ್ದದ್ದು ದೇಶದ ಸುಮಾರು ಮೂರನೆಯ ಒಂದು ಪಾಲು ಜನರಿಗೆ ಮಾತ್ರ. ಉಳಿದವರ ಮನೆಗೆ ಗುಂಡಿ ಹೀರುವ ಟ್ಯಾಂಕರ್ ಬರುತ್ತಿತ್ತು.

ಊರೂರಿಗೆ ಒಳಚರಂಡಿ ಬೇಕೆಂದರೆ ಅಪಾರ ದುಡ್ಡು ಬೇಕು. ವರ್ಷಗಟ್ಟಲೆ ರಸ್ತೆ ಅಗೆಯಬೇಕು. ಕೆಲಸ ಮುಗಿದ ಮೇಲೆ ತೋರಿಸಲು ಏನೂ ಇರುವುದಿಲ್ಲ. ಸೇತುವೆ ಕಟ್ಟಿದರೆ ರಿಬ್ಬನ್ ಕತ್ತರಿಸಬಹುದು. ಕೊಳಚೆಯ ಕೊಳವೆಗೆ ಯಾರು ರಿಬ್ಬನ್ ಕಟ್ಟುತ್ತಾರೆ? ಆಗ ನಿರ್ಮಾಣ ಸಚಿವಾಲಯದಲ್ಲಿ ಒಳಚರಂಡಿಯ ಹೊಣೆ ಹೊತ್ತಿದ್ದ ಯಾಸುತಾಕೆ ಕಮೆದಾ ಎಂಬ ಅಧಿಕಾರಿ ಒಂದು ಉಪಾಯ ಹೇಳಿದರು. ಇಡೀ ವ್ಯವಸ್ಥೆಯಲ್ಲಿ ಜನರ ಕಣ್ಣಿಗೆ ಕಾಣುವುದು ಮುಚ್ಚಳ ಒಂದೇ. ಪ್ರತಿ ಊರೂ ತನಗೆ ಪ್ರಿಯವಾದದ್ದನ್ನು ಅದರ ಮೇಲೆ ಹಾಕಿಕೊಳ್ಳಲಿ. ಅದಕ್ಕೂ ಮುಂಚೆ, 1977ರಲ್ಲಿ, ಒಕಿನಾವಾದ ನಾಹಾ ನಗರ ಮೀನುಗಳ ಚಿತ್ರವಿರುವ ಮುಚ್ಚಳ ಮಾಡಿಸಿತ್ತು. ಉಪಾಯ ಹಬ್ಬಿತು. ಪಕ್ಕದ ಊರಿನವರು ಮಾಡಿಸಿದ್ದಾರೆ, ನಮ್ಮದು ಅದಕ್ಕಿಂತ ಚೆನ್ನಾಗಿರಬೇಕು ಎಂಬ ಹಟ ನಮ್ಮ ಕಡೆ ತೇರಿನ ವಿಷಯದಲ್ಲಿ ಇರುವಂಥದ್ದೇ. ಇವತ್ತು ಅಲ್ಲಿ ಐದರಲ್ಲಿ ನಾಲ್ಕು ಜನರಿಗೆ ಒಳಚರಂಡಿ ಇದೆ, ಒಂದೂವರೆ ಕೋಟಿಗೂ ಹೆಚ್ಚು ಮುಚ್ಚಳಗಳಿವೆ. ಇಷ್ಟೂ ಚಿತ್ರದ ದೆಸೆಯಿಂದ ಆಯಿತೆಂದು ಹೇಳಲಾರೆ. ಆದರೆ ಒಂದು ಊರು ತನ್ನ ಕೊಳಚೆಯ ಬಾಗಿಲಿಗೆ ತನ್ನ ಕೋಟೆಯನ್ನೋ ಹೂವನ್ನೋ ಕೊಟ್ಟದ್ದು ಸಣ್ಣ ಮಾತಲ್ಲ ಎಂದು ಈಗಲೂ ಅನಿಸುತ್ತದೆ.

ಚಿತ್ರಗಳನ್ನು ನೋಡುತ್ತಾ ಹೋದಂತೆ ಕೆಲವು ಊರುಗಳು ನೇರವಾಗಿ ನೀರಿನ ಮಾತೇ ಆಡುತ್ತವೆ ಎಂಬುದು ಗಮನಕ್ಕೆ ಬಂತು. ನಗೋಯಾದಂಥ ಮಹಾನಗರ ತನ್ನ ಮುಚ್ಚಳಕ್ಕೆ ಆರಿಸಿಕೊಂಡದ್ದು ನೀರಿನ ಮೇಲೆ ಓಡಾಡುವ ಉದ್ದ ಕಾಲಿನ ಒಂದು ಹುಳುವನ್ನು. ನಮ್ಮ ಕೆರೆಬಾವಿಗಳಲ್ಲೂ ನೋಡಿರುತ್ತೀರಿ, ನೀರಿಗೆ ಮುಳುಗದೆ ಜಾರುತ್ತಾ ಹೋಗುತ್ತದೆ. ಸಪ್ಪೊರೊದ ಮುಚ್ಚಳದಲ್ಲಿ ಆ ಊರಿನ ಪ್ರಸಿದ್ಧ ಗಡಿಯಾರ ಗೋಪುರ ಇದೆ, ಅದರ ಜೊತೆಗೆ ಸಾಮನ್ ಮೀನುಗಳಿವೆ. ಆ ನಗರದ ನಡುವೆ ಹರಿಯುವ ತೊಯೊಹಿರಾ ನದಿ ಒಂದು ಕಾಲಕ್ಕೆ ಎಷ್ಟು ಹೊಲಸಾಗಿತ್ತೆಂದರೆ ಮೊಟ್ಟೆಯಿಡಲು ಸಮುದ್ರದಿಂದ ಬರುತ್ತಿದ್ದ ಸಾಮನ್‌ಗಳು ಬರುವುದನ್ನೇ ಬಿಟ್ಟಿದ್ದವು. ಒಳಚರಂಡಿ ಬಂದು ನದಿ ತಿಳಿಯಾಯಿತು. 1970ರ ದಶಕದ ಕೊನೆಯಲ್ಲಿ ಊರಿನವರು ಮೀನುಗಳನ್ನು ಮರಳಿ ಕರೆಯುವ ಚಳವಳಿ ಮಾಡಿ ಮರಿಗಳನ್ನು ನದಿಗೆ ಬಿಟ್ಟರು. ಅವು ಸಮುದ್ರಕ್ಕೆ ಹೋಗಿ ಬೆಳೆದು ಮರಳಿ ಬಂದವು. ಮುಚ್ಚಳದ ಮೇಲೆ ಅವನ್ನು ಕೂರಿಸಿದ್ದು ಆಮೇಲೆ. ಈ ಕತೆ ಹೇಳಿದಾಗ ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ನಾವು ಮೀನಿನ ವಿಷಯ ಎಸ್ಟಿಮೇಟಿನಲ್ಲಿ ಬರೀತಾನೇ ಇರಲಿಲ್ಲ" ಎಂದರು.

2016ರ ಏಪ್ರಿಲ್‌ನಿಂದ ಮ್ಯಾನ್‌ಹೋಲ್ ಕಾರ್ಡುಗಳೂ ಬಂದಿವೆ. ಇಸ್ಪೀಟಿನ ಎಲೆಯಂಥ ಕಾರ್ಡು. ಮುಂದೆ ಮುಚ್ಚಳದ ಚಿತ್ರ, ಅದು ಇರುವ ಜಾಗದ ಅಕ್ಷಾಂಶ ರೇಖಾಂಶ, ಹಿಂದೆ ಚಿತ್ರದ ವಿವರಣೆ. ದುಡ್ಡಿಲ್ಲ. ಆದರೆ ಆ ಊರಿಗೆ ಖುದ್ದಾಗಿ ಹೋಗಬೇಕು, ಒಬ್ಬರಿಗೆ ಒಂದೇ, ಅಂಚೆಯಲ್ಲಿ ಕಳಿಸುವುದಿಲ್ಲ. ಸಾವಿರಕ್ಕೂ ಹೆಚ್ಚು ಬಗೆಯ ಕಾರ್ಡುಗಳಾಗಿವೆ. ಅವುಗಳನ್ನು ಕೊಡುವ ಜಾಗ ಪ್ರವಾಸಿ ಕೇಂದ್ರವಾಗಿರಬಹುದು, ಎಷ್ಟೋ ಊರುಗಳಲ್ಲಿ ಒಳಚರಂಡಿ ನೀರಿನ ಶುದ್ಧೀಕರಣ ಘಟಕವೇ ಆಗಿರುತ್ತದೆ. ಹೀಗಾಗಿ ನಾನು ಜಪಾನಿನ ಕೋಟೆಗಳಿಗಿಂತ ಹೆಚ್ಚು ಶುದ್ಧೀಕರಣ ಘಟಕಗಳನ್ನು ನೋಡಿದೆ.

ಅಂಥದ್ದೊಂದು ಘಟಕಕ್ಕೆ ಹೋದಾಗ ಬಸ್ಸಿಳಿದು ಗದ್ದೆಗಳ ನಡುವೆ ಅರ್ಧ ಗಂಟೆ ನಡೆಯಬೇಕಾಯಿತು. ಕಚೇರಿಯಲ್ಲಿ ನೀಲಿ ಸಮವಸ್ತ್ರದ ಒಬ್ಬರು ಕಾರ್ಡು ಕೊಟ್ಟು, ಹೆಸರು ಬರೆಸಿಕೊಂಡು, ಭಾರತ ಎಂದು ಓದಿ, ಸಮಯ ಇದ್ದರೆ ಒಳಗೆ ತೋರಿಸಲೇ ಎಂದು ಕೇಳಿದರು. ನನ್ನ ಮುರುಕು ಜಪಾನಿಗೆ ಅವರ ಮುರುಕು ಇಂಗ್ಲಿಷ್ ಜೋಡಿಯಾಯಿತು. ಗಾಳಿ ಊದುತ್ತಿದ್ದ ಕಂದು ಬಣ್ಣದ ದೊಡ್ಡ ತೊಟ್ಟಿಗಳು. ಬಗೆದು ನೋಡಿದರೆ ನೀರು ಕುದಿಯುತ್ತಿರುವಂತೆ ಕಾಣುತ್ತಿತ್ತು. ಕೊಳೆ ತಿನ್ನುವ ಸೂಕ್ಷ್ಮಜೀವಿಗಳಿಗೆ ಉಸಿರು ಬೇಕು, ಅದಕ್ಕೇ ಗಾಳಿ ಎಂದರು. ಕೊನೆಯಲ್ಲಿ ಒಂದು ಗಾಜಿನ ತೊಟ್ಟಿ. ಶುದ್ಧವಾದ ನೀರಿನಲ್ಲಿ ಸಣ್ಣ ಮೀನುಗಳು ಆಡುತ್ತಿದ್ದವು. ಬರುವ ಶಾಲೆ ಮಕ್ಕಳೆಲ್ಲ ಈ ಮೀನು ನೋಡಿಯೇ ನಮ್ಮ ಕೆಲಸ ನಂಬುವುದು ಎಂದು ನಕ್ಕರು. ಅವರ ಮಾತು ಕೇಳುತ್ತಾ ನನಗೆ ಅಪ್ಪ ನೆನಪಾದರು. ತಮ್ಮ ಕೆಲಸವನ್ನು ಹೀಗೆ ಯಾರಿಗಾದರೂ ನಡೆದಾಡಿಸಿ ತೋರಿಸುವ ಅವಕಾಶ ಅವರಿಗೆ ಒಮ್ಮೆಯೂ ಸಿಕ್ಕಿರಲಿಲ್ಲ.

ಅಪ್ಪನ ಉಳಿದ ಪ್ರಶ್ನೆಗಳಿಗೂ ಒಂದೊಂದಾಗಿ ಉತ್ತರ ಸಿಕ್ಕಿತು. ಅಗಲ ಸಾಮಾನ್ಯವಾಗಿ 60 ಸೆಂಟಿಮೀಟರ್, ಒಬ್ಬ ಮನುಷ್ಯ ಇಳಿಯುವಷ್ಟು. ತೂಕ 40 ಕಿಲೋ ಮೇಲೆ. ಡಕ್ಟೈಲ್ ಕಬ್ಬಿಣ. ಬಣ್ಣವೆಂದರೆ ಎರಕದ ತಗ್ಗುಗಳಿಗೆ ಕೈಯಿಂದಲೇ ತುಂಬುವ ರಾಳ. ಉಬ್ಬುತಗ್ಗು ಬರಿಯ ಅಲಂಕಾರವಲ್ಲ, ಮಳೆಯಲ್ಲಿ ಸೈಕಲ್ಲು ಜಾರದಿರಲು ಅದು ಬೇಕು. ವಾಹನ ಓಡುವ ರಸ್ತೆಯಲ್ಲಿ ಮುಚ್ಚಳದ ಆಯಸ್ಸು ಸುಮಾರು 15 ವರ್ಷ, ಕಾಲುದಾರಿಯಲ್ಲಿ 30. ಮೇಲೆ ಕೆತ್ತಿದ ಅಕ್ಷರಗಳ ಅರ್ಥವನ್ನೂ ಅಪ್ಪ ಕೇಳಿದರು. 'ಓಸುಯಿ' ಎಂದಿದ್ದರೆ ಕೊಳಚೆ ನೀರು, 'ಉಸುಯಿ' ಎಂದಿದ್ದರೆ ಮಳೆನೀರು. ನಾನು ಜಪಾನಿನ ಅಕ್ಷರಗಳನ್ನು ಸರಾಗವಾಗಿ ಓದಲು ಕಲಿತದ್ದೇ ಹೀಗೆ ನೆಲ ನೋಡುತ್ತಾ. ಎರಡಕ್ಕೂ ಬೇರೆ ಬೇರೆ ಕೊಳವೆ ಎಂಬುದು ಅಪ್ಪನಿಗೆ ಕೋಟೆ, ಜಿಂಕೆಗಳಿಗಿಂತ ಹೆಚ್ಚು ಸೊಗಸಾಗಿ ಕಂಡಿತು. ನಮ್ಮೂರಿನಲ್ಲಿ ಮಳೆಗಾಲಕ್ಕೆ ಜನ ತಾರಸಿಯ ನೀರನ್ನೆಲ್ಲ ಯುಜಿಡಿಗೆ ಬಿಡುತ್ತಾರೆ, ಛೇಂಬರ್ ಉಕ್ಕುವುದು ಅದಕ್ಕೇ ಎಂದು ಅವರು ಮೂವತ್ತು ವರ್ಷ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಇದುವರೆಗೂ ನಾನು ನೋಡಿದ ಮುಚ್ಚಳಗಳೆಲ್ಲ ಮುಚ್ಚಿದವು. ತೆರೆದದ್ದನ್ನು ಮೊದಲು ಕಂಡದ್ದು ಎರಡನೆಯ ಚಳಿಗಾಲದಲ್ಲಿ, ಮನೆಯ ಹತ್ತಿರದ ಬೀದಿಯಲ್ಲೇ. ಬೆಳಗಿನ ಹತ್ತು ಗಂಟೆ. ಹೊಳೆಯುವ ಕೋನ್‌ಗಳು, ಅಡಚಣೆಗೆ ಕ್ಷಮೆ ಕೇಳುತ್ತಾ ಬಗ್ಗಿ ನಿಂತ ಮನುಷ್ಯನ ಚಿತ್ರವಿದ್ದ ಬೋರ್ಡು, ಎರಡೂ ತುದಿಯಲ್ಲಿ ಕೆಂಪು ದೀಪದ ಕೋಲು ಹಿಡಿದ ಕಾವಲುಗಾರರು. ಕಬ್ಬಿಣದ ಮುಚ್ಚಳ ಪಕ್ಕದಲ್ಲಿ ಅಂಗಾತ ಬಿದ್ದಿತ್ತು. ಗುಂಡಿಯ ಮೇಲೆ ಮೂರು ಕಾಲಿನ ಒಂದು ಸ್ಟ್ಯಾಂಡು, ಅದರಿಂದ ಇಳಿಬಿಟ್ಟ ತಂತಿ, ತಂತಿಯ ತುದಿಯಲ್ಲಿ ಎದೆಗೂ ತೊಡೆಗೂ ಪಟ್ಟಿ ಕಟ್ಟಿಕೊಂಡ ಒಬ್ಬ ಕೆಲಸಗಾರ. ಹಳದಿಯ ದಪ್ಪ ಕೊಳವೆಯೊಂದು ಒಳಗೆ ಗಾಳಿ ಊದುತ್ತಿತ್ತು. ಮತ್ತೊಬ್ಬ ಕೈಯಲ್ಲಿ ಸಣ್ಣ ಯಂತ್ರ ಹಿಡಿದು ಅದರ ಅಂಕಿ ಓದಿ ಗಟ್ಟಿಯಾಗಿ ಹೇಳುತ್ತಿದ್ದ, ಮೂರನೆಯವ ಬರೆದುಕೊಳ್ಳುತ್ತಿದ್ದ. ಅವರ ಅನುಮತಿ ಕೇಳಿ, ಮುಖಗಳು ಬರದಂತೆ ಒಂದು ಫೋಟೋ ತೆಗೆದೆ. ಅದರಲ್ಲಿ ಬಣ್ಣವಿಲ್ಲ, ವೃತ್ತವೂ ಸರಿಯಾಗಿಲ್ಲ. ಎಂದಿನಂತೆ ಅಪ್ಪನಿಗೆ ಕಳಿಸಿದೆ.

ಅವತ್ತು ಮೂರು ದಿನ ಕಾಯಬೇಕಾಗಲಿಲ್ಲ. ಅರ್ಧ ಗಂಟೆಯಲ್ಲಿ ಫೋನು ಬಂತು. "ಆ ಮೂರು ಕಾಲಿಂದು ಏನು ಬೆಲೆ ಇರಬಹುದು?" ಗೊತ್ತಿಲ್ಲ ಎಂದೆ. "ಗಾಳಿ ಊದೋ ಯಂತ್ರ ಅಷ್ಟು ಚಿಕ್ಕದಾ?" ಹೌದು, ಒಬ್ಬನೇ ಎತ್ತಿಕೊಂಡು ಬಂದ ಎಂದೆ. "ಸರಿ" ಎಂದು ಇಟ್ಟುಬಿಟ್ಟರು.

2025ರ ಜನವರಿ 28ರಂದು, ಟೋಕಿಯೋದ ಪಕ್ಕದ ಸೈತಾಮಾ ಪ್ರಾಂತದ ಯಾಶಿಯೋ ಎಂಬ ಊರಿನಲ್ಲಿ ರಸ್ತೆ ಕುಸಿಯಿತು. ಕೆಳಗಿನ ಒಳಚರಂಡಿಯ ದೊಡ್ಡ ಕೊಳವೆ ಒಳಗಿಂದಲೇ ತಿಂದುಹೋಗಿತ್ತು. ಕೊಳಚೆಯಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಕಾಲಾಂತರದಲ್ಲಿ ಆಮ್ಲವಾಗಿ ಕಾಂಕ್ರೀಟನ್ನು ಕರಗಿಸುತ್ತದೆ. ಒಂದು ಟ್ರಕ್ಕು ಚಾಲಕನ ಸಮೇತ ಗುಂಡಿಗೆ ಬಿತ್ತು. ಗುಂಡಿ ದಿನದಿಂದ ದಿನಕ್ಕೆ ದೊಡ್ಡದಾಯಿತು. ಸುಮಾರು 12 ಲಕ್ಷ ಜನಕ್ಕೆ ಸ್ನಾನ, ಬಟ್ಟೆ ಒಗೆಯುವುದು ಕಡಿಮೆ ಮಾಡಿ ಎಂದು ಕೇಳಿಕೊಳ್ಳಬೇಕಾಯಿತು. ಚಾಲಕ ಬದುಕಲಿಲ್ಲ, ಅವನನ್ನು ಹೊರತೆಗೆಯಲು ತಿಂಗಳುಗಳೇ ಬೇಕಾದವು. ನಮ್ಮ ಆಫೀಸಿನಲ್ಲಿ ಟೀವಿಯ ಮುಂದೆ ನಿಂತವರೆಲ್ಲ ಮೊದಲ ಬಾರಿಗೆ ತಮ್ಮ ಕಾಲಡಿ ಏನಿದೆ ಎಂದು ಮಾತಾಡಿಕೊಂಡರು. ಕೊಳವೆಗಳಿಗೂ ವಯಸ್ಸಾಗುತ್ತದೆ. ಊರೂರುಗಳು ಉತ್ಸಾಹದಿಂದ ಒಳಚರಂಡಿ ಹಾಕಿಸಿಕೊಂಡು ನಲವತ್ತು ವರ್ಷವಾಗಿತ್ತು.

ಹಳೆಯ ದೊಡ್ಡ ಕೊಳವೆಗಳನ್ನು ದೇಶದಾದ್ಯಂತ ಪರೀಕ್ಷಿಸಬೇಕೆಂದು ಸರ್ಕಾರ ಹೇಳಿತು. ಅಂಥದ್ದೇ ಪರೀಕ್ಷೆ ಅದೇ ಸೈತಾಮಾದ ಗ್ಯೋದಾ ನಗರದಲ್ಲಿ ಆಗಸ್ಟ್ 2ರಂದು ನಡೆಯುತ್ತಿತ್ತು. ಒಬ್ಬ ಕೆಲಸಗಾರ ಮ್ಯಾನ್‌ಹೋಲಿನೊಳಗೆ ಬಿದ್ದ. ಅವನನ್ನು ಉಳಿಸಲೆಂದು ಮೂವರು ಒಬ್ಬರ ಹಿಂದೊಬ್ಬರು ಇಳಿದರು. ನಾಲ್ವರೂ ಸತ್ತರು. ಒಳಗೆ ಹೈಡ್ರೋಜನ್ ಸಲ್ಫೈಡ್ ಇತ್ತು.

ಈ ಸುದ್ದಿ ಓದಿದಾಗ ನನಗೆ ಅದು ಜಪಾನಿನ ಸುದ್ದಿ ಅನಿಸಲಿಲ್ಲ. ಒಬ್ಬ ಇಳಿಯುವುದು, ಅವನು ಮೇಲೆ ಬಾರದಿದ್ದಾಗ ಇನ್ನೊಬ್ಬ ಇಳಿಯುವುದು, ಅವನನ್ನು ಹುಡುಕಿ ಮತ್ತೊಬ್ಬ. ಕನ್ನಡ ಪತ್ರಿಕೆಗಳಲ್ಲಿ ಇದೇ ವಾಕ್ಯಗಳನ್ನು ಊರಿನ ಹೆಸರು ಬದಲಾಯಿಸಿ ಎಷ್ಟು ಸಲ ಓದಿಲ್ಲ? ಸುದ್ದಿಯ ಕೊಂಡಿಯನ್ನು ಅಪ್ಪನಿಗೆ ಕಳಿಸಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅವರೇ ಎಲ್ಲೋ ನೋಡಿದ್ದರು. ರಾತ್ರಿ ಫೋನು ಮಾಡಿದರು. ಅಲ್ಲಿ ಆಗಲೇ ಹನ್ನೆರಡಾಗಿತ್ತು.

"ತೊಂಬತ್ತರ ದಶಕದಲ್ಲಿ ಒಂದಾಯ್ತು ನೋಡು" ಎಂದು ಶುರುಮಾಡಿದರು. ನಾನು ಕೇಳಿರದ ಕತೆ. ಬಸ್‌ಸ್ಟ್ಯಾಂಡಿನ ಹಿಂದೆ ಲೈನು ಕಟ್ಟಿಕೊಂಡಿತ್ತು. ಜೆಟ್ಟಿಂಗ್ ಯಂತ್ರ ಜಿಲ್ಲೆಗೆ ಒಂದು, ಅದು ಬರಲು ವಾರವಾಗುತ್ತಿತ್ತು. ಮೇಲಿನವರಿಗೆ ಅವತ್ತೇ ಆಗಬೇಕಿತ್ತು, ಮಾರನೆಯ ದಿನ ಯಾರೋ ದೊಡ್ಡವರು ಬರುವುದಿತ್ತು. ಇಬ್ಬರು ಕೆಲಸಗಾರರು ಬಂದರು, ಅಣ್ಣತಮ್ಮಂದಿರು. ಮುಚ್ಚಳ ತೆಗೆದು ಅರ್ಧ ಗಂಟೆ ಬಿಟ್ಟರು. ಒಳಗೆ ಜಿರಳೆ ಓಡಾಡುತ್ತಿದೆಯೇ ಎಂದು ಬಗ್ಗಿ ನೋಡಿದರು. ಜಿರಳೆ ಬದುಕಿದ್ದರೆ ಗಾಳಿಯಿದೆ ಎಂದು ಲೆಕ್ಕ. ಅಷ್ಟೇ ಪರೀಕ್ಷೆ. ಅಣ್ಣ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಕೋಲಿನಿಂದ ಕಟ್ಟಿದ್ದನ್ನು ಕದಡಿದ ಕೂಡಲೇ ಸದ್ದು ನಿಂತಿತು.

"ಹಗ್ಗ ನನ್ನ ಕೈಲೂ ಇತ್ತು ಪುಟ್ಟಾ. ಎಳೀತಿದ್ವಿ. ಅಷ್ಟರಲ್ಲಿ ತಮ್ಮ ಹಾರಿಬಿಟ್ಟ. ಅವನಿಗೆ ಹಗ್ಗ ಇರಲಿಲ್ಲ."

ಅಣ್ಣ ಬದುಕಿದ. ತಮ್ಮನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಕಾಗದದಲ್ಲಿ ಕಾಲುಜಾರಿ ಬಿದ್ದದ್ದು ಎಂದು ಬಂತು. ಅಣ್ಣ ಆಮೇಲೂ ಅಪ್ಪನ ಸೆಕ್ಷನ್ನಿನಲ್ಲೇ ಕೆಲಸ ಮಾಡಿದ, ನಿವೃತ್ತಿಯಾಗುವವರೆಗೂ. ಪ್ರತಿ ಯುಗಾದಿಗೆ ನಮ್ಮ ಮನೆಗೆ ಬರುತ್ತಿದ್ದ. ನನಗೆ ಅವನ ನೆನಪಿದೆ. ಒಳಗೆ ಬನ್ನಿ ಎಂದರೂ ಬಾರದೆ ಮೆಟ್ಟಿಲ ಮೇಲೆ ಕೂತು ಒಬ್ಬಟ್ಟು ತಿನ್ನುತ್ತಿದ್ದ. ಅಪ್ಪ ಅವನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಇಬ್ಬರೂ ಏನೂ ಮಾತಾಡುತ್ತಿರಲಿಲ್ಲ. ಹಬ್ಬದ ದಿನ ಹೊರಗೆ ಯಾಕೆ ಕೂತುಕೊಳ್ಳುತ್ತಾರೆ ಎಂದು ನಾನು ಅಮ್ಮನನ್ನು ಕೇಳಿದ್ದೆ. ಆಫೀಸಿನ ವಿಷಯ ಇರುತ್ತೆ ಎಂದಿದ್ದಳು.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ತಲೆಯ ಮೇಲೆ ಮಲ ಹೊರುವುದನ್ನು ಎಪ್ಪತ್ತರ ದಶಕದಲ್ಲೇ ಸಚಿವ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ನಿಷೇಧಿಸಿದರು. 2013ರ ಕಾಯ್ದೆ ರಕ್ಷಣೆಯಿಲ್ಲದೆ ಯಾರನ್ನೂ ಒಳಚರಂಡಿಗೆ ಇಳಿಸಬಾರದು ಎನ್ನುತ್ತದೆ. ಸತ್ತವರ ಮನೆಯವರಿಗೆ 10 ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಹೇಳಿದ ಸುಪ್ರೀಂ ಕೋರ್ಟು 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಮ್ಯಾನ್‌ಹೋಲ್ ಎನ್ನಬೇಡಿ, ಮೆಷಿನ್‌ಹೋಲ್ ಎನ್ನಿ ಎಂದು ಕೇಂದ್ರ ಸರ್ಕಾರವೂ ಹೇಳಿತು. ಹೆಸರಿನೊಳಗಿಂದ ಮನುಷ್ಯನನ್ನು ತೆಗೆದದ್ದು ಸರಿ. ಗುಂಡಿಯೊಳಗಿಂದ ಇನ್ನೂ ಪೂರ್ತಿ ತೆಗೆಯಲಾಗಿಲ್ಲ. ಇಳಿಯುವವನು ಯಾವ ಕೇರಿಯಿಂದ ಬರುತ್ತಾನೆ ಎಂಬುದೂ ಬದಲಾಗಿಲ್ಲ. ಜಪಾನಿನ ನಾಲ್ವರ ಸಾವಿಗೂ ನಮ್ಮ ಸಾವುಗಳಿಗೂ ಇರುವ ವ್ಯತ್ಯಾಸ ಮುಖ್ಯವಾಗಿ ಇದೇ ಎಂದು ನನಗನಿಸುತ್ತದೆ. ವಿಷಗಾಳಿ ಎರಡೂ ಕಡೆ ಒಂದೇ. ಅಲ್ಲಿ ಇಳಿಯುವುದು ಒಂದು ಕೆಲಸ, ನಮ್ಮಲ್ಲಿ ಅದು ಹುಟ್ಟು.

ಆ ಫೋನಿನ ನಂತರ ಕೆಲವು ವಾರ ಮುಚ್ಚಳ ಕಂಡರೂ ಕ್ಯಾಮೆರಾ ತೆಗೆಯಲು ಕೈ ಬರಲಿಲ್ಲ. ಹೂವು, ಹಕ್ಕಿ, 2018ರಿಂದ ಒಂದೊಂದೇ ಊರಿಗೆ ಬರುತ್ತಿರುವ ಪೋಕೆಮಾನ್ ಮುಚ್ಚಳಗಳು, ಎಲ್ಲವೂ ಏನನ್ನೋ ಮರೆಸುತ್ತಿರುವಂತೆ ಕಾಣುತ್ತಿದ್ದವು. ನಾನೇ ಅಪ್ಪನಿಗೆ ಹೇಳಿದೆ, ಇನ್ನು ಕಳಿಸುವುದಿಲ್ಲ ಎಂದು. ಅವರಿಗೆ ಅದು ಸರಿಬರಲಿಲ್ಲ. "ಅಲ್ಲಾ, ಮುಚ್ಚಳಕ್ಕೇನು ತಪ್ಪು ಮಾಡಿದೆ? ಚೆನ್ನಾಗಿದೆ ಅಂತ ತಾನೇ ನೀನು ಬಗ್ಗಿ ನೋಡಿದ್ದು? ಬಗ್ಗಿದ್ದರಿಂದ ತಾನೇ ಆ ಮೂರು ಕಾಲಿನ ಸ್ಟ್ಯಾಂಡು ನಿನ್ನ ಕಣ್ಣಿಗೆ ಬಿದ್ದದ್ದು? ನಮ್ಮೂರಲ್ಲಿ ಕಾಂಕ್ರೀಟು ಚಪ್ಪಡಿ, ಅದರ ಮೇಲೆ ಕಸ. ಅಲ್ಲಿ ಒಬ್ಬ ಇಳಿದ ಅಂತ ನೋಡೋಕೂ ಯಾರೂ ಬಗ್ಗಲ್ಲ" ಎಂದರು. ನಿವೃತ್ತ ಜೂನಿಯರ್ ಎಂಜಿನಿಯರು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಕಮೆದಾ ಎಂಬ ಅಧಿಕಾರಿ ಬಯಸಿದ್ದೂ ಬಹುಶಃ ಇಷ್ಟೇ. ಜನ ಒಮ್ಮೆ ಬಗ್ಗಿ ನೋಡಲಿ.

ಊರಿಗೆ ಮರಳುವ ಮುಂಚೆ ನನ್ನ ಫೋಟೋಗಳನ್ನೆಲ್ಲ ಮುದ್ರಿಸಿ ಒಂದು ಆಲ್ಬಂ ಮಾಡಿ ಅಪ್ಪನಿಗೆ ತಂದುಕೊಟ್ಟೆ. ಮುನ್ನೂರ ಹದಿನಾಲ್ಕು ಮುಚ್ಚಳಗಳು. ನಾನು ಊರಿನ ಪ್ರಕಾರ ಜೋಡಿಸಿದ್ದೆ. ಒಂದು ವಾರದಲ್ಲಿ ಅವರು ಎಲ್ಲವನ್ನೂ ಬಿಚ್ಚಿ ತಮ್ಮದೇ ಕ್ರಮದಲ್ಲಿ ಮತ್ತೆ ಜೋಡಿಸಿದ್ದರು: ಓಸುಯಿ ಒಂದು ಕಡೆ, ಉಸುಯಿ ಒಂದು ಕಡೆ, ಗೊತ್ತಾಗದವು ಕೊನೆಯಲ್ಲಿ. ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಡಯಾ, ತೂಕ. ಸಪ್ಪೊರೊದ ಮೀನಿಗೆ ಮಾತ್ರ ಒಂದು ಇಡೀ ಪುಟ ಸಿಕ್ಕಿತ್ತು. ಗುಂಡಿಯ ಮೇಲೆ ಸ್ಟ್ಯಾಂಡು ನಿಂತ ಆ ಬಣ್ಣವಿಲ್ಲದ ಫೋಟೋ ಆಲ್ಬಮ್ಮಿನಲ್ಲಿ ಇರಲಿಲ್ಲ. ಕೇಳಿದಾಗ, ಆ ಅಣ್ಣನಿಗೆ ತೋರಿಸಲು ಒಯ್ದಿದ್ದೆ, ಅವನೇ ಇಟ್ಟುಕೊಂಡ ಎಂದರು. ಆಮೇಲೆ ಕನ್ನಡಕ ಒರೆಸಿಕೊಳ್ಳುತ್ತಾ, "ಮುಂದಿನ ಸಲ ಹೋದರೆ ಮುಚ್ಚಳ ಎತ್ತೋ ಕೊಕ್ಕೆದು ಒಂದು ಹತ್ತಿರದಿಂದ ತೆಗಿ. 40 ಕಿಲೋನ ಒಬ್ಬನೇ ಹೇಗೆ ಎತ್ತುತ್ತಾನೆ ಅಂತ ಅವನು ಕೇಳ್ತಿದ್ದ" ಎಂದರು.